ಅಂಜದೀವ: ಒಂದೇ ನೆಲ, ಕಾಲಕ್ಕೊಂದು ಬೆಲೆ

ಭಾರತದ ವಿದೇಶಾಂಗ ನೀತಿಯಲ್ಲಿ ಭೂಗೋಳದ ಪಾತ್ರವೇನು ಎಂಬ ಪ್ರಶ್ನೆಗೆ 'ಭೂಗೋಳವೇ ವಿದೇಶಾಂಗ ನೀತಿಯನ್ನು ನಿರ್ಧರಿಸುತ್ತದೆ' ಎಂದು ಉತ್ತರ ಆರಂಭಿಸುವುದು ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡ ಓದುಗರ ಬಳಗದಲ್ಲಿ ರೂಢಿಯಾಗಿಬಿಟ್ಟಿದೆ. ಆಮೇಲೆ ಹಿಮಾಲಯ, ಹಿಂದೂ ಮಹಾಸಾಗರ, ಈಶಾನ್ಯ ರಾಜ್ಯಗಳನ್ನು ಜೋಡಿಸುವ ಕಿರಿದಾದ ಸಿಲಿಗುರಿ ಕಾರಿಡಾರ್ ಎಂದು ಪಟ್ಟಿ. ನನಗೆ ಇದು ಸಾಲದು. ನೆಲ ಇದ್ದಲ್ಲೇ ಇರುತ್ತದೆ. ಅದರ ಬೆಲೆ ಮಾತ್ರ ಎದುರಾಳಿ ಯಾರು, ಹಡಗು ಎಂಥದು ಎಂಬುದನ್ನು ನೋಡಿಕೊಂಡು ಏರಿಳಿಯುತ್ತದೆ. ಅಂಜದೀವ ದ್ವೀಪವನ್ನೇ ನೋಡಿ. ಆಡಳಿತದಲ್ಲಿ ಗೋವಾದ್ದು, ಇರುವುದು ಕಾರವಾರದ ಕರಾವಳಿಗೆ ಅಂಟಿಕೊಂಡಂತೆ.

ಹಾಯಿಹಡಗಿನ ಕಾಲದಲ್ಲಿ ನಾವಿಕರಿಗೆ ಬೇಕಾಗಿದ್ದದ್ದು ಸಿಹಿನೀರು ಮತ್ತು ಹಡಗಿನ ತಳ ಕೆರೆದು ದುರಸ್ತಿ ಮಾಡಲು ಗಾಳಿಯ ಮರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದು ಅದಕ್ಕೇ. 1505ರಲ್ಲಿ ಪೋರ್ಚುಗೀಸರು ಕೋಟೆಯನ್ನೂ ಕಟ್ಟಿದರು, ಆದರೆ ಬಹುಬೇಗ ಅದನ್ನು ತೊರೆದರು. ದ್ವೀಪದಲ್ಲಿ ಅನ್ನ ಬೆಳೆಯುವುದಿಲ್ಲ, ವ್ಯಾಪಾರವೂ ಇಲ್ಲ. 1510ರಲ್ಲಿ ಅವರು ಹಿಡಿದ ಗೋವಾದಲ್ಲಿ ಮಾಂಡವಿ, ಜುವಾರಿ ನದಿಗಳಿದ್ದವು, ಗದ್ದೆಗಳಿದ್ದವು. ವಿಜಯನಗರಕ್ಕೂ ಬಿಜಾಪುರಕ್ಕೂ ಬೇಕಾದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದದ್ದೂ ಅಲ್ಲಿಯೇ. ಮುಂದೆ, 1661ರ ಒಪ್ಪಂದದಂತೆ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಪಡೆ, ಪೋರ್ಚುಗೀಸರು ತಡಮಾಡಿದ್ದರಿಂದ ಇದೇ ದ್ವೀಪದಲ್ಲಿ ಕಾಯುತ್ತಾ ಕಾಯಿಲೆಗೆ ತುತ್ತಾಯಿತು.

1961ರ ನವೆಂಬರ್‌ನಲ್ಲಿ, ಗೋವಾದಂತೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಈ ದ್ವೀಪದಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮರುತಿಂಗಳೇ ನಮ್ಮ ನೌಕಾಪಡೆ ಅಂಜದೀವಕ್ಕೆ ಇಳಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು. ಇಲ್ಲಿ ಒಂದು ಸೂಕ್ಷ್ಮವಿದೆ. ಮೂರು ಕಡೆ ಭಾರತ, ಒಂದು ಕಡೆ ಭಾರತದ ನೌಕಾಪಡೆ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಲಿಸ್ಬನ್: ಹೀಗಿರುವಾಗ ರಣರಂಗದಲ್ಲಿ ಗೋವಾ ಎರಡು ದಿನವೂ ನಿಲ್ಲಲಿಲ್ಲ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಮ್ಮನ್ನು ಕಾಪಾಡಿದ್ದು ನಕ್ಷೆಯಲ್ಲ, ಸೋವಿಯತ್ ಒಕ್ಕೂಟದ ವೀಟೊ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಈಗ ಅದೇ ದ್ವೀಪವನ್ನು ಅಲೆತಡೆಗೋಡೆಯೊಂದು ನೆಲಕ್ಕೆ ಜೋಡಿಸಿದೆ. ಅದರ ಮರೆಯಲ್ಲಿ 2005ರಲ್ಲಿ ಆರಂಭವಾದ ಐಎನ್‌ಎಸ್ ಕದಂಬ ನೌಕಾನೆಲೆಯಿದೆ. ಮುಂಬಯಿ ಬಂದರಿನಲ್ಲಿ ಯುದ್ಧನೌಕೆಗೂ ಸರಕುಹಡಗಿಗೂ ಒಂದೇ ದಾರಿ, ಅದೂ ಕಿಕ್ಕಿರಿದದ್ದು. ಜೊತೆಗೆ ಮುಂಬಯಿ ಪಾಕಿಸ್ತಾನದ ಕರಾವಳಿಗೆ ಕಾರವಾರಕ್ಕಿಂತ ಹತ್ತಿರ. ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆಗೆ ಆಳವಾದ ನೀರು, ಬೆನ್ನಿಗೆ ಬೆಟ್ಟ ಬೇಕು; ಎರಡೂ ಕಾರವಾರದಲ್ಲಿವೆ. ಸಿಹಿನೀರಿನ ಲೆಕ್ಕ ಯಾರಿಗೂ ನೆನಪಿಲ್ಲ.

ಮುಂದಿನ ಓದಿಗೆ ಗ್ರೇಟ್ ನಿಕೋಬಾರ್ ತೆಗೆದುಕೊಳ್ಳೋಣ. ಅದರ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್‌ನಿಂದ ಇಂಡೋನೇಷ್ಯಾದ ಸುಮಾತ್ರಾ ಸುಮಾರು 150 ಕಿಲೋಮೀಟರ್. ಮಲಕ್ಕಾ ಜಲಸಂಧಿಗೆ ಹೋಗುವ ಹಡಗುಗಳು ಆ ನಡುವೆಯೇ ಸಾಗುತ್ತವೆ. ಅವು ಯಾರವು, ಏನನ್ನು ಹೊತ್ತಿರುತ್ತವೆ ಎಂಬುದನ್ನು ಮೊದಲು ಬರೆದುಕೊಂಡು ಬನ್ನಿ, ಆಮೇಲೆ ನಕ್ಷೆ ಬಿಡಿಸೋಣ.