ಕಾವೇರಿಯ ತವರಿನಲ್ಲಿ ಅಕ್ವೇರಿಯಂ ಮೀನು: ಹೊಳೆಗೆ ಬಿಡುವ ಅಭ್ಯಾಸ ಬೆಳೆದು ಬಂದ ಬಗೆ

ಕೊಡಗಿನ ಅನೇಕ ಕಾಫಿ ತೋಟಗಳಲ್ಲಿ ಒಂದು ಕೆರೆ ಇರುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ನೀರು ಅಲ್ಲಿಂದಲೇ ಬರಬೇಕು. ಅದೇ ಕೆರೆ ಜುಲೈನಲ್ಲಿ ತುಂಬಿ ಕೋಡಿ ಹರಿದಾಗ, ನೀರು ಗದ್ದೆಯಂಚಿನ ತೋಡಿಗೆ ಇಳಿದು, ಹೊಳೆ ಸೇರಿ, ಕೊನೆಗೆ ಕಾವೇರಿಯನ್ನೋ ಅದರ ಉಪನದಿಯನ್ನೋ ಮುಟ್ಟುತ್ತದೆ. ಮನೆಯ ಗಾಜಿನ ತೊಟ್ಟಿಗೆ ದೊಡ್ಡದಾದ ಮೀನನ್ನು ‘ಪಾಪ, ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ತೋಟದ ಕೆರೆಗೆ ಬಿಟ್ಟರೆ, ನದಿಗೇ ಬಿಟ್ಟ ಹಾಗೆ.

ಹೀಗೆ ಬಿಡುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ನೀರಿಗೆ ಮೀನು ಬಿಡುವುದು ಒಳ್ಳೆಯ ಕೆಲಸವೆಂದು ನಮಗೆ ಕಲಿಸಿದ್ದು ಸರ್ಕಾರಗಳೇ. ಮಲೇರಿಯಾ ಹರಡುವ ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಅಮೆರಿಕ ಮೂಲದ ಗಂಬೂಸಿಯಾ ಮೀನನ್ನು 1928ರಲ್ಲಿ ಭಾರತಕ್ಕೆ ತರಲಾಯಿತು. ಅದಕ್ಕೂ ಮೊದಲೇ ಬಂದಿದ್ದ ಗಪ್ಪಿಯನ್ನೂ ಬಾವಿ, ಹೊಂಡಗಳಿಗೆ ಬಿಡುತ್ತ ಬಂದರು. ಆಹಾರಕ್ಕೆಂದು 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಬಂದಿತು. ಸೊಳ್ಳೆಯ ಮರಿಯನ್ನು ತಿನ್ನುವ ಮೀನು ಕಪ್ಪೆಯ ಮೊಟ್ಟೆಯನ್ನೂ ಸ್ಥಳೀಯ ಮೀನಿನ ಮರಿಯನ್ನೂ ತಿನ್ನುತ್ತದೆ ಎಂಬುದು ಅರಿವಿಗೆ ಬರುವಷ್ಟರಲ್ಲಿ ಅವು ನೆಲೆಯೂರಿದ್ದವು.

ಕಾವೇರಿಯ ಮಹಶೀರ್ ಎಂಬ ದೊಡ್ಡ ಮೀನಿನ ಕಥೆ ಇನ್ನೂ ನೋವಿನದು. ಮಹಶೀರ್ ಉಳಿಸಬೇಕೆಂಬ ಕಳಕಳಿಯಿಂದಲೇ, ಕಾವೇರಿಯದಲ್ಲದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿ ಈ ನದಿಗೆ ಬಿಟ್ಟರು. ಇಲ್ಲಿಯದೇ ಆದ ಡುಬ್ಬ ಬೆನ್ನಿನ ಮಹಶೀರ್‌ಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚು ತಲುಪಿತ್ತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಯ ಜೊತೆಗೆ, ಹೊರಗಿನಿಂದ ತಂದು ಬಿಟ್ಟ ಈ ಮೀನನ್ನೂ ಸಂಶೋಧಕರು ಕಾರಣವಾಗಿ ಹೆಸರಿಸುತ್ತಾರೆ.

ಅಕ್ವೇರಿಯಂ ಅಂಗಡಿಗಳು ಸಣ್ಣ ಪಟ್ಟಣಗಳಿಗೂ ಬಂದ ಮೇಲೆ ಈ ಕೆಲಸಕ್ಕೆ ಇಲಾಖೆಯೇ ಬೇಕೆಂದಿಲ್ಲ, ಪ್ಲಾಸ್ಟಿಕ್ ಚೀಲವೊಂದು ಸಾಕು. ಗಾಜಿನ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನನ್ನೇ ನೋಡಿ. ದಕ್ಷಿಣ ಅಮೆರಿಕದ ಈ ಮೀನು ಕೊಳ್ಳುವಾಗ ಬೆರಳುದ್ದ ಇರುತ್ತದೆ, ಬೆಳೆದರೆ ಒಂದೂವರೆ ಅಡಿ. ಮೈಮೇಲೆ ಬಲೆಯನ್ನೇ ಹರಿಯುವ ಗಟ್ಟಿ ಫಲಕಗಳು. ಹೊಟ್ಟೆಯಿಂದ ಗಾಳಿಯನ್ನು ಹೀರಿಕೊಳ್ಳುವುದರಿಂದ ನೀರಿನಾಚೆಯೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಉದ್ದನೆಯ ಬಿಲ ಕೊರೆಯುತ್ತದೆ. ಮಳೆಗಾಲದಲ್ಲಿ ದಡ ಜರಿಯುವುದನ್ನು ನೋಡಿದ ಕೊಡಗಿನವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಕೇರಳ, ಆಂಧ್ರಪ್ರದೇಶಗಳ ನೀರಿನಲ್ಲಿ ಇದು ಈಗಾಗಲೇ ಹರಡಿದೆ.

ಕೊಳದಲ್ಲಿಟ್ಟ ಮೀನು ಕೊಳದಲ್ಲೇ ಉಳಿಯುತ್ತದೆಂಬ ನಂಬಿಕೆಯನ್ನು 2018ರ ಆಗಸ್ಟ್ ಅಳಿಸಿಹಾಕಿತು. ಕೇರಳದ ಪ್ರವಾಹದ ನಂತರ ಚಾಲಕ್ಕುಡಿ ಹೊಳೆಯಲ್ಲಿ ಸಾಕುಕೊಳಗಳಿಂದ ತಪ್ಪಿಸಿಕೊಂಡ, ಅಮೆಜಾನ್ ಮೂಲದ ದೈತ್ಯ ಮೀನು ಅರಪೈಮಾ ಬಲೆಗೆ ಬಿತ್ತು. ಅದೇ ತಿಂಗಳು ಕೊಡಗಿನಲ್ಲೂ ಗುಡ್ಡಗಳು ಕುಸಿದು ಹೊಳೆಗಳು ದಡ ಮೀರಿದ್ದವು.

ಕಾನೂನು ನಿಧಾನವಾಗಿ ಬಂದಿದೆ. 2000ದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧ ಬಂದಿತು. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ 62ಎ ಕಲಮು, ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ವ್ಯಾಪಾರ ಮತ್ತು ಸಾಕಣೆಯನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಆದರೆ ಅದರ ವ್ಯಾಖ್ಯೆಯಲ್ಲಿ ‘ಅನ್ಯ’ ಎಂದರೆ ಭಾರತದ್ದಲ್ಲದ್ದು. ಒಂದು ನದಿಯ ಮೀನು ಇನ್ನೊಂದು ನದಿಗೆ ಪರಕೀಯವಾಗಬಹುದು ಎಂಬ ಮಹಶೀರ್‌ನ ಪಾಠ ಅದರೊಳಗೆ ಬರಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ.

ತಡೆಯುವ ಕೆಲಸ ಸುಲಭವಾಗುವುದು ಕೊಳ್ಳುವ ಮುನ್ನ. ಮೀನು ಎಷ್ಟುದ್ದ ಬೆಳೆಯುತ್ತದೆಂದು ಅಂಗಡಿಯಲ್ಲೇ ಕೇಳಬೇಕು. ಸಾಕಲಾಗದಿದ್ದರೆ ಅಂಗಡಿಗೋ ಮೀನು ಸಾಕುವ ಬೇರೆಯವರಿಗೋ ಕೊಡಬೇಕು. ಕಾಯಿಲೆ ಬಿದ್ದಿದ್ದರೆ ಪಶುವೈದ್ಯರನ್ನು ಕೇಳಬೇಕು. ತೊಟ್ಟಿಯ ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಎಸೆಯಬೇಕು. ತೊಟ್ಟಿ ತೊಳೆದ ನೀರಿನಲ್ಲಿ ಮೊಟ್ಟೆ, ಬಸವನಹುಳು, ಗಿಡದ ಚೂರು ಇರಬಹುದಾದ್ದರಿಂದ, ಅದನ್ನು ಚರಂಡಿಗೆ ಚೆಲ್ಲದೆ, ತೋಡಿನಿಂದ ದೂರದ ಒಣ ನೆಲದಲ್ಲಿರುವ ಗಿಡದ ಬುಡಕ್ಕೆ ಸುರಿಯಬೇಕು.