ಆ ಆರು ನಿಮಿಷ ಎಲ್ಲಿ ಹೋಯಿತು?

ಸಾಗರದಲ್ಲಿ ನಾವು ನಡೆಸುವ ಚಿತ್ರಪ್ರದರ್ಶನ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬರು ಹಳೆಯ ಡಿವಿಡಿಯೊಂದನ್ನು ನನ್ನ ಕೈಗಿತ್ತು, "150 ನಿಮಿಷದ ಸಿನಿಮಾ ಇದರಲ್ಲಿ 144 ನಿಮಿಷಕ್ಕೇ ಮುಗಿಯುತ್ತದೆ, ಯಾವ ದೃಶ್ಯ ತೆಗೆದಿದ್ದಾರೆ ಸರ್?" ಎಂದು ಕೇಳಿದರು. ಒಂದು ದೃಶ್ಯವನ್ನೂ ತೆಗೆದಿರಲಿಲ್ಲ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ (ಫ್ರೇಮ್, ಅಂದರೆ ಒಂದೊಂದು ಬಿಡಿಚಿತ್ರ) ಓಡುವ ಚಿತ್ರವನ್ನು ನಮ್ಮಲ್ಲಿದ್ದ ಪಾಲ್ ಟಿವಿ ಪದ್ಧತಿಗೆ ಇಳಿಸುವಾಗ ಸಾಮಾನ್ಯವಾಗಿ 25ರಂತೆ ಓಡಿಸುತ್ತಿದ್ದುದರಿಂದ, ಇಡೀ ಚಿತ್ರ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಅನುಮಾನವಿದ್ದರೆ ಒಂದು ಹಾಡನ್ನು ಅಳೆದು ನೋಡಬೇಕು; ಐದು ನಿಮಿಷದ ಹಾಡು ಸರಿಯಾಗಿ 12 ಸೆಕೆಂಡು ಕಡಿಮೆಯಾಗಿದ್ದರೆ ಅದು ವೇಗದ ವ್ಯತ್ಯಾಸವೇ ಹೊರತು ಕತ್ತರಿಯದಲ್ಲ.

ಮೂವತ್ತು ವರ್ಷ ಸಂಕಲನದ ಮೇಜಿನ ಮುಂದೆ ಕುಳಿತ ನನಗೆ, ಒಂದೇ ಚಿತ್ರದ ಎರಡು ಆವೃತ್ತಿಗಳನ್ನು ನಿಮಿಷಗಳಿಂದ ಹೋಲಿಸುವುದು ಸರಿಯೆನಿಸುವುದಿಲ್ಲ. ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು ಬೇಟೆಯಾಡುವವನ ಕಥೆಯಾದ, ರಿಡ್ಲಿ ಸ್ಕಾಟ್ ಅವರ 'ಬ್ಲೇಡ್ ರನ್ನರ್' ಚಿತ್ರದ 1982ರ ಮತ್ತು 1992ರ ಆವೃತ್ತಿಗಳ ಅವಧಿ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿದ್ದ ನಾಯಕನ ಹಿನ್ನೆಲೆ ನಿರೂಪಣೆ ಮತ್ತು ಸುಖಾಂತ್ಯ ಎರಡನೆಯದರಲ್ಲಿಲ್ಲ, ಅವನ ಕನಸಿನಲ್ಲಿ ಒಂಟಿಕೊಂಬಿನ ಕುದುರೆಯೊಂದು ಕೆಲವೇ ಕ್ಷಣ ಓಡಿಹೋಗುತ್ತದೆ. ಆ ಕೆಲವು ಕ್ಷಣಗಳಿಂದಾಗಿ ನಾಯಕನೇ ಮನುಷ್ಯನೋ ಅಲ್ಲವೋ ಎಂಬ ಸಂಶಯ ಹುಟ್ಟಿ, ಅದುವರೆಗೆ ನೋಡಿದ್ದನ್ನೆಲ್ಲ ಪ್ರೇಕ್ಷಕ ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ.

ಯಾರು ಕತ್ತರಿಸಿದರು ಎಂಬುದೂ ಮುಖ್ಯ. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ'ಯ ಮೂಲ ಅಂತ್ಯದಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. 1975ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಸೆನ್ಸಾರಿನ ಆಕ್ಷೇಪದಿಂದಾಗಿ ಪೊಲೀಸರು ಬಂದು ಬಂಧಿಸುವ ಅಂತ್ಯವನ್ನು ಹೊಸದಾಗಿ ಚಿತ್ರಿಸಿ ಸೇರಿಸಲಾಯಿತು. ನಿರ್ದೇಶಕರು ಮೊದಲು ಮಾಡಿದಂತೆಯೇ ಚಿತ್ರವನ್ನು ತೋರಿಸುವ 'ನಿರ್ದೇಶಕರ ಆವೃತ್ತಿ' ಎಂಬ ಮಾತಿಗೆ ಇಲ್ಲಿ ನಿಜವಾದ ಅರ್ಥವಿದೆ. ಬಿಟ್ಟ ದೃಶ್ಯಗಳನ್ನು ತುಂಬಿ ಮಾರುವ ಎಲ್ಲ 'ವಿಸ್ತೃತ' ಆವೃತ್ತಿಗಳಿಗೂ ಆ ಗೌರವ ಸಲ್ಲುವುದಿಲ್ಲ, ಏಕೆಂದರೆ ಅವುಗಳಲ್ಲಿ ಬಹಳಷ್ಟನ್ನು ಸಂಕಲನಕಾರರು ಯೋಚಿಸಿಯೇ ಬಿಟ್ಟಿರುತ್ತಾರೆ.

ಯಾರೂ ಉದ್ದೇಶಿಸದ ಆವೃತ್ತಿಗಳೂ ಇರುತ್ತವೆ. ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರಿಂಟುಗಳು ಕೊನೆಗೆ ಮಲೆನಾಡಿನ ಟೂರಿಂಗ್ ಟಾಕೀಸುಗಳಿಗೆ ಬರುತ್ತಿದ್ದವು. ಹೆಚ್ಚು ಹರಿಯುತ್ತಿದ್ದುದು ರೀಲಿನ ತುದಿಗಳೇ. ಹರಿದಲ್ಲಿ ಆಪರೇಟರ್ ಕತ್ತರಿಸಿ ಅಂಟಿಸಿದಾಗ, ಅಡಿಗೆ 16 ಚೌಕಟ್ಟುಗಳಂತೆ ಮೂರು ಅಡಿ ಹೋದರೆ ಎರಡು ಸೆಕೆಂಡು ಹೋದಂತೆ. ಹೊಸನಗರದ ಕಡೆ ಬಾಲ್ಯದಲ್ಲಿ ನಾನು ನೋಡಿದ ಚಿತ್ರವೊಂದರಲ್ಲಿ ತಾಯಿ ಮಗನ ಜೊತೆ ಮಾತನಾಡುತ್ತಿದ್ದಳು, ಮರುಕ್ಷಣವೇ ಅವನು ಅಳುತ್ತಾ ಗದ್ದೆಯಂಚಿನಲ್ಲಿ ನಡೆಯುತ್ತಿದ್ದ. ತಾಯಿ ಬೈದಳೆಂದು ಅಳುತ್ತಿದ್ದಾನೆ ಎಂದುಕೊಂಡೇ ಮನೆಗೆ ಬಂದೆ. ಎಷ್ಟೋ ವರ್ಷಗಳ ನಂತರ ಬೆಂಗಳೂರಿನಲ್ಲಿ ಅದರ ಒಳ್ಳೆಯ ಪ್ರಿಂಟ್ ನೋಡಿದಾಗ, ಆ ಎರಡು ಶಾಟ್‌ಗಳ ನಡುವೆ, ರೀಲು ಮುಗಿಯುವ ಜಾಗದಲ್ಲಿ, ಮಗನ ಕೈಯಿಂದ ತಾಯಿಯ ಕೈ ಜಾರಿ ಚಾಪೆಯ ಮೇಲೆ ಬಿದ್ದಿತು.