ಬಾಲ್ದಿ, ನಲ್ಲಿ, ಗಡಿಯಾರ: ಮುಂಬಯಿ ಮನೆಯ ನೀರಿನ ಲೆಕ್ಕ

ಮುಂಬಯಿಯ ಹೆಚ್ಚಿನ ವಸತಿ ಸೊಸೈಟಿಗಳಲ್ಲಿ ಕರೆಂಟಿಗೆ ಮನೆಗೊಂದು ಮೀಟರ್ ಇರುತ್ತದೆ, ನೀರಿಗೆ ಮಾತ್ರ ಇಡೀ ಕಟ್ಟಡಕ್ಕೆ ಒಂದೇ. ಬಿಲ್ಲು ಬಂದಾಗ ಅದನ್ನು ಮನೆಗಳಿಗೆ ಹಂಚಿ ಮೇಂಟೆನೆನ್ಸಿಗೆ ಸೇರಿಸಿಬಿಡುತ್ತಾರೆ. ಹೀಗಾಗಿ ಕರೆಂಟು ಎಷ್ಟು ಯೂನಿಟ್ ಆಯಿತೆಂದು ಥಟ್ಟನೆ ಹೇಳುವವರಿಗೂ ದಿನಕ್ಕೆ ಎಷ್ಟು ಲೀಟರ್ ನೀರು ಬಳಸುತ್ತೇವೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಉಳಿಸುವುದು ಹೇಗೆ? ಮಾಟುಂಗಾ, ಮುಲುಂಡ್, ಘಾಟ್ಕೋಪರಿನ ನಮ್ಮ ಕನ್ನಡದ ಮನೆಗಳಲ್ಲೂ ಇದೇ ಸ್ಥಿತಿ.

ಈ ನೀರು ಬರುವುದು ಏಳು ಜಲಾಶಯಗಳಿಂದ. 1860ರ ವಿಹಾರ್ ಮತ್ತು 1879ರ ತುಳಸಿ ನಗರದೊಳಗೇ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪರಿಸರದಲ್ಲಿವೆ. 1892ರ ತಾನ್ಸಾ, ಆಮೇಲೆ ಬಂದ ಮೋಡಕ್ ಸಾಗರ, ಮೇಲ್ ವೈತರಣಾ, ಭಾತ್ಸಾ, 2014ರಲ್ಲಿ ಸೇರಿದ ಮಧ್ಯ ವೈತರಣಾ ಇವೆಲ್ಲ ದೂರದ ಸಹ್ಯಾದ್ರಿ ತಪ್ಪಲಿನವು. ಏಳೂ ತುಂಬಿದರೆ ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ನಗರಕ್ಕೆ ದಿನಕ್ಕೆ ಬಿಡುವುದು ಹತ್ತಿರ ಹತ್ತಿರ 3,900 ದಶಲಕ್ಷ ಲೀಟರ್. ಭಾಗಿಸಿ ನೋಡಿ, 371 ದಿನ ಬರುತ್ತದೆ. ಅಂದರೆ ಕೆರೆಗಳು ತುಂಬಿ ತುಳುಕಿದ ವರ್ಷವೂ ನಮ್ಮ ಕೈಯಲ್ಲಿರುವುದು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗಿನ ನೀರು ಮಾತ್ರ. ಜೂನ್ ಮಳೆ ತಡವಾದರೆ ಕಡಿತ ಶುರು. 2024ರಲ್ಲಿ ಮೇ 30ರಿಂದ ಶೇ 5, ಜೂನ್ 5ರಿಂದ ಶೇ 10 ಕಡಿತವಾದದ್ದು ಅನೇಕರಿಗೆ ನೆನಪಿರಬಹುದು.

ಊರಲ್ಲಿ ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಪ್ರತಿ ಕೊಡಪಾನವೂ ತೋಳಿನ ಶ್ರಮವಾಗಿತ್ತು. ವಠಾರದಂಥ ಚಾಳಿನಲ್ಲಿ ಬೆಳಗಿನ ನೀರು ನಿಲ್ಲುವ ಮುಂಚೆ ಡ್ರಮ್ಮು, ಹಂಡೆ, ಬಾಲ್ದಿ ತುಂಬಿಟ್ಟರೆ ಅಷ್ಟರಲ್ಲೇ ದಿನ ದೂಡಬೇಕಿತ್ತು. ಪಾತ್ರೆಯೇ ಅಳತೆ. ಇಪ್ಪತ್ತನಾಲ್ಕು ಗಂಟೆ ನಲ್ಲಿ ಬರುವ ಫ್ಲ್ಯಾಟಿಗೆ ಹೋದಮೇಲೆ ಆ ಅಳತೆ ಕಳಚಿತು. ಈಗ ನೀರಿನ ಅಳತೆ ಇರುವುದು ಗಡಿಯಾರದಲ್ಲಿ.

ಮೊದಲು ಇಡೀ ಮನೆಯ ಲೆಕ್ಕ. ಹಳೆಯ ಫ್ಲ್ಯಾಟುಗಳಲ್ಲಿ ಬಾತ್‌ರೂಮಿನ ಮೇಲೆ ಅಟ್ಟದ ಟಾಕಿ ಇರುತ್ತದೆ. ಅದು ದುಂಡಗಿದ್ದು ಒಳವ್ಯಾಸ 80 ಸೆಂಟಿಮೀಟರ್ ಇದ್ದರೆ, ನೀರು ಒಂದು ಸೆಂಟಿಮೀಟರ್ ಇಳಿದಾಗ ಖರ್ಚಾದದ್ದು 5 ಲೀಟರ್. ಚೌಕಾಕಾರವಾದರೆ ಉದ್ದ, ಅಗಲ, ಇಳಿದ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಟಾಕಿ ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮನೆಮಂದಿಗೆಲ್ಲ ಹೇಳಿ, ಒಂದು ದಿನ ಮಾಮೂಲಿನಂತೆ ಬಳಸಿ ನೋಡಿ. ಮತ್ತೆ ತುಂಬಿಸಬೇಕಾದಾಗಲೆಲ್ಲ ಮಟ್ಟ ಬರೆದಿಟ್ಟುಕೊಳ್ಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಲ, ಬೆಳಗ್ಗೆ ಮೊದಲ ನಲ್ಲಿ ತಿರುಗಿಸುವ ಮುಂಚೆ ಇನ್ನೊಂದು ಸಲ ನೋಡುವುದೂ ಮುಖ್ಯ. ಆ ಹೊತ್ತಿನಲ್ಲಿ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಬಂದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುವುದು? ಒಳಚರಂಡಿ ಇರುವ ಮುಂಬಯಿಯಂಥ ಮಹಾನಗರಗಳಿಗೆ ಕೇಂದ್ರದ ನೀರು ಸರಬರಾಜು ಕೈಪಿಡಿ ಇಟ್ಟುಕೊಂಡಿರುವ ಅಳತೆ ತಲಾ ದಿನಕ್ಕೆ 150 ಲೀಟರ್. ನಾಲ್ವರ ಮನೆಗೆ 600. ಹಳ್ಳಿಗಳಿಗೆ ಜಲ ಜೀವನ ಮಿಷನ್ ಇಟ್ಟಿರುವ ಗುರಿ ತಲಾ 55 ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಅಟ್ಟದ ಟಾಕಿ ಇಲ್ಲದವರು ನಲ್ಲಿಗಳಿಂದ ಶುರುಮಾಡಲಿ. ಹತ್ತು ಲೀಟರಿನ ಬಾಲ್ದಿ, ಮೊಬೈಲಿನ ಸ್ಟಾಪ್‌ವಾಚ್, ಇಷ್ಟು ಸಾಕು. ದಿನವೂ ತಿರುಗಿಸುವಷ್ಟೇ ನಲ್ಲಿ ತಿರುಗಿಸಿ. ಬಾಲ್ದಿ 60 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್, 40 ಸೆಕೆಂಡಿನಲ್ಲಿ ತುಂಬಿದರೆ 15. ಇನ್ನು ಹಲ್ಲುಜ್ಜುವಾಗ ಎರಡು ನಿಮಿಷ ಸುಮ್ಮನೆ ಹರಿದ ನೀರು 20 ಲೀಟರಿನ ಒಂದು ದೊಡ್ಡ ಬಾಲ್ದಿ ಸ್ನಾನಕ್ಕೆ ಸಮವೆಂದು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ, ಅವರೇ ಗುಣಿಸಿ ಹೇಳುತ್ತಾರೆ.

ಒಂದೇ ಕಟ್ಟಡದಲ್ಲಿ ಈ ಸಂಖ್ಯೆ ಮಹಡಿಯಿಂದ ಮಹಡಿಗೆ ಬದಲಾಗುತ್ತದೆ. ನಲ್ಲಿಯಿಂದ ಚಿಮ್ಮುವ ನೀರಿನ ವೇಗ ಟೆರೇಸಿನ ಟಾಕಿಯ ಮಟ್ಟ ಎಷ್ಟು ಮೇಲಿದೆಯೋ ಆ ಎತ್ತರದ ವರ್ಗಮೂಲದಂತೆ ಏರುತ್ತದೆ. ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲೇ ಕಂಡುಕೊಂಡ ನಿಯಮವಿದು. ಮೇಲಿನ ಮಹಡಿಯ ನಲ್ಲಿ ಟಾಕಿಗಿಂತ 4 ಮೀಟರ್ ಕೆಳಗೂ ನೆಲಮಹಡಿಯ ನಲ್ಲಿ 25 ಮೀಟರ್ ಕೆಳಗೂ ಇದ್ದರೆ, ಪೈಪಿನ ಘರ್ಷಣೆಯನ್ನು ಬದಿಗಿಟ್ಟು ನೋಡಿದಾಗ, ಕೆಳಗಿನವರ ನಲ್ಲಿ ಅಷ್ಟೇ ತಿರುಗಿಸಿದರೂ ಎರಡೂವರೆ ಪಟ್ಟು ನೀರು ಸುರಿಸುತ್ತದೆ. ಇಲ್ಲಿ ಯಾರ ದುಂದುಗಾರಿಕೆಯೂ ಇಲ್ಲ, ಇರುವುದು ಒತ್ತಡ. ಕೆಳಮಹಡಿಯವರು ಸಿಂಕಿನ ಕೆಳಗೆ ಗೋಡೆಯಲ್ಲಿರುವ ಚಿಕ್ಕ ವಾಲ್ವ್, ಅಂದರೆ ಆಂಗಲ್ ಕಾಕ್ ಅನ್ನು ಅರ್ಧ ಮುಚ್ಚಿದರೆ ಒಂದು ಪೈಸೆಯ ಖರ್ಚಿಲ್ಲದೆ ಹರಿವು ಹದಕ್ಕೆ ಬರುತ್ತದೆ.

ಆದರೆ ಹರಿವು ತಗ್ಗಿಸಿದ ಕಡೆಯಲ್ಲೆಲ್ಲ ನೀರು ಉಳಿಯುವುದಿಲ್ಲ. ಮನೆಗೆಲಸ ಎರಡು ಬಗೆ. ಬಾಲ್ದಿ, ಕುಕ್ಕರ್, ಫ್ಲಶ್ ಟಾಕಿ ಇವು ತುಂಬಿಸುವ ಕೆಲಸಗಳು. ನಲ್ಲಿ ನಿಧಾನವಾದರೂ ಜೋರಾದರೂ ಬೇಕಾಗುವ ನೀರು ಅಷ್ಟೇ. ಕೈತೊಳೆಯುವುದು, ಶವರ್, ಹರಿಯುವ ನೀರಿಗೆ ಹಿಡಿದು ಪಾತ್ರೆ ತೊಳೆಯುವುದು ಇವು ಹರಿಯಬಿಡುವ ಕೆಲಸಗಳು. ಇಲ್ಲಿ ಖರ್ಚು ಅಂದರೆ ಹರಿವು ಗುಣಿಸು ಸಮಯ. ನಲ್ಲಿಯ ಮೂತಿಗೆ ಹಾಕುವ ಏರೇಟರ್ ಗಾಳಿ ಬೆರೆಸಿ ಧಾರೆಯನ್ನು ಮೆತ್ತಗೆ, ದಪ್ಪಗೆ ಮಾಡಿ ಹರಿವನ್ನು ಅರ್ಧಕ್ಕೂ ಕೆಳಗಿಳಿಸಬಲ್ಲದು. ವಾಶ್‌ಬೇಸಿನ್, ಸಿಂಕುಗಳಿಗೆ ಅದು ಸರಿ. ಸ್ನಾನದ ಬಾಲ್ದಿ ತುಂಬುವ ನಲ್ಲಿಗೆ ಹಾಕಿದರೆ ಕಾಯುವುದಷ್ಟೇ ಲಾಭ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಳಸುವ ಕಡೆ ಅದರ ಜಾಲರಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಬೇಕು.

ಸ್ನಾನದ ವಿಚಾರದಲ್ಲಿ ನಮ್ಮ ಬಾಲ್ದಿ-ಚೆಂಬಿನ ಪದ್ಧತಿಯನ್ನು ಮೀರಿಸುವಂಥದ್ದು ಸುಲಭಕ್ಕೆ ಸಿಗದು. ಒಂದು ಬಾಲ್ದಿ ಸ್ನಾನಕ್ಕೆ 20 ಲೀಟರ್. ನಿಮಿಷಕ್ಕೆ 10 ಲೀಟರಿನ ಶವರಿನಡಿ ಎಂಟು ನಿಮಿಷ ನಿಂತರೆ 80.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯದ ಜಾಗ ಮುಸುರೆ ಪಾತ್ರೆಗಳ ಸಿಂಕು. ಕುಚ್ಚಲಕ್ಕಿ ಅನ್ನ ಮಾಡಿದ ಪಾತ್ರೆಯ ಅಂಚಿನಲ್ಲಿ ಒಣಗಿದ ಗಂಜಿಯ ಪೊರೆಯನ್ನು ನೋಡಿ. ಅದು ಒಣಗಿದ ಪಿಷ್ಟ. ನೀರು ಒಳಹೊಕ್ಕು ಅದು ಮತ್ತೆ ಉಬ್ಬಿ ಮೆತ್ತಗಾಗಲು ಸಮಯ ಬೇಕು, ಧಾರೆಯ ರಭಸದಿಂದ ಆ ಸಮಯ ಅಷ್ಟೇನೂ ಕಡಿಮೆಯಾಗದು. ನಲ್ಲಿ ಬಿಟ್ಟು ಉಜ್ಜುತ್ತ ನಿಂತಾಗ ಪಿಷ್ಟ ನೆನೆಯುತ್ತಿರುತ್ತದೆ, ನೀರು ಸುಮ್ಮನೆ ಹೋಗುತ್ತಿರುತ್ತದೆ. ಲೋಟಗಳನ್ನು ಜಾಲಾಡಿದ ನೀರನ್ನೇ ಆ ಪಾತ್ರೆಗೆ ಸುರಿದು ಬದಿಗಿಟ್ಟರೆ ಅರ್ಧ ಗಂಟೆಯಲ್ಲಿ ಪೊರೆ ತಾನಾಗಿ ಎದ್ದು ಬರುತ್ತದೆ.

ಜಾಲಾಡುವುದರಲ್ಲೂ ಒಂದು ಲೆಕ್ಕ ಅಡಗಿದೆ. ಸೋಪು ಹಚ್ಚಿದ ಪಾತ್ರೆಯಲ್ಲಿ 50 ಮಿಲಿಲೀಟರ್ ಸೋಪಿನ ನೀರು ಅಂಟಿಕೊಂಡಿದೆ ಎನ್ನೋಣ. ಅದಕ್ಕೆ ಒಂದು ಲೀಟರ್ ನೀರು ಹಾಕಿ ಅಲುಗಿಸಿ ಚೆಲ್ಲಿದರೆ ಮತ್ತೆ 50 ಮಿಲಿಲೀಟರ್ ಉಳಿಯುತ್ತದೆ, ಅದರಲ್ಲಿರುವ ಸೋಪು ಮೊದಲಿನ 21ನೇ ಒಂದು ಪಾಲು. ಅದೇ ಒಂದು ಲೀಟರನ್ನು ಅರ್ಧರ್ಧ ಮಾಡಿ ಎರಡು ಸಲ ಜಾಲಾಡಿದರೆ? ಮೊದಲ ಸಲಕ್ಕೆ 11ನೇ ಒಂದು ಪಾಲು, ಎರಡನೇ ಸಲಕ್ಕೆ ಅದರ ಮತ್ತೆ 11ನೇ ಒಂದು ಪಾಲು, ಅಂದರೆ 121ನೇ ಒಂದು ಪಾಲು. ನೀರು ಅಷ್ಟೇ, ಸೋಪು ಹೆಚ್ಚುಕಡಿಮೆ ಆರು ಪಟ್ಟು ಕಡಿಮೆ. ಬಟ್ಟೆಗೂ ಇದೇ ನಿಯಮ. ಪ್ರತಿ ಜಾಲಾಟದ ನಡುವೆ ಚೆನ್ನಾಗಿ ಹಿಂಡಬೇಕು, ಯಾಕೆಂದರೆ ಅಂಟಿ ಉಳಿದ ನೀರು ಕಡಿಮೆಯಾದಷ್ಟೂ ಮುಂದಿನ ಜಾಲಾಟ ಹೆಚ್ಚು ಕೆಲಸ ಮಾಡುತ್ತದೆ. ಧಾರೆಯಡಿ ಹಿಡಿದು ತೊಳೆಯುವ ಬದಲು ಎರಡು ಟಬ್ಬಿಟ್ಟು ತೊಳೆಯುವಂತೆ ಮನೆಗೆಲಸದವರಿಗೆ ಹೇಳುವುದಾದರೆ, ಟಬ್ಬಿಡುವ ಜಾಗವನ್ನೂ ಅವರ ಬೆನ್ನು ನೋಯದಂಥ ಎತ್ತರವನ್ನೂ ಮಾಡಿಕೊಡುವುದು ಮನೆಯವರ ಹೊಣೆ.

ಫ್ಲಶ್‌ನ ಲೆಕ್ಕ ಸರಳ, ಮೊತ್ತ ಮಾತ್ರ ದೊಡ್ಡದು. ಹಳೆಯ 10 ಲೀಟರಿನ ಟಾಕಿಯನ್ನು ನಾಲ್ವರೂ ದಿನಕ್ಕೆ ಐದು ಸಲ ಒತ್ತಿದರೆ 200 ಲೀಟರ್. 6 ಮತ್ತು 3 ಲೀಟರಿನ ಎರಡು ಗುಂಡಿಯದ್ದಾದರೆ, ತಲಾ ಒಮ್ಮೆ ದೊಡ್ಡದು, ನಾಲ್ಕು ಸಲ ಚಿಕ್ಕದು, ಒಟ್ಟು 72. ಮನೆಯಲ್ಲಿ ಒಂದೇ ವಸ್ತು ಬದಲಾಯಿಸುವ ಶಕ್ತಿ ಇದ್ದರೆ ಇದನ್ನೇ ಬದಲಾಯಿಸಿ. ಬಾಡಿಗೆ ಮನೆಯವರು ಹಳೆಯ ಟಾಕಿಯೊಳಗೆ ನೀರು ತುಂಬಿ ಬಿರಡೆ ಬಿಗಿದ ಒಂದು ಲೀಟರಿನ ಬಾಟಲಿ ಇಡಬಹುದು, ಒಂದೊಂದು ಫ್ಲಶ್‌ಗೂ ಅಷ್ಟು ನೀರು ಮಿಗುತ್ತದೆ. ಇಟ್ಟಿಗೆ ಇಡಬೇಡಿ, ಅದರ ಪುಡಿ ವಾಲ್ವಿನಲ್ಲಿ ಸಿಕ್ಕಿ ಹೊಸ ಸೋರಿಕೆಗೆ ದಾರಿಯಾಗುತ್ತದೆ. ಟಾಕಿಗೆ ಸ್ವಲ್ಪ ತಿಂಡಿಯ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ.

ತೊಟ್ಟಿಕ್ಕುವ ನಲ್ಲಿಯ ಹನಿ ಸುಮಾರು ಕಾಲು ಮಿಲಿಲೀಟರ್ ಇರುತ್ತದೆ ಎಂದಿಟ್ಟುಕೊಂಡರೆ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 21 ಲೀಟರ್ ದಾಟುತ್ತದೆ. ಅದನ್ನು ನಿಲ್ಲಿಸಲು ಬೇಕಾದದ್ದು ಬಹುತೇಕ ಒಂದು ವಾಷರ್.

ಕುಡಿಯುವ ನೀರಿನಲ್ಲಿ ಎರಡು ರೂಢಿಗಳನ್ನು ಬಿಡಬೇಕು. ಒಂದು ಆರ್‌ಒ. ಮನೆಯ ಆರ್‌ಒ ಯಂತ್ರಗಳು ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಹಾಕುತ್ತವೆ. ಅವುಗಳ ಮುಖ್ಯ ಕೆಲಸ ಕರಗಿದ ಲವಣ ತೆಗೆಯುವುದು. ಮಳೆನೀರಿನ ಕೆರೆಗಳಿಂದ ಬರುವ ಮುಂಬಯಿ ಪಾಲಿಕೆಯ ನೀರಿನಲ್ಲಿ ಲವಣವೇ ಕಡಿಮೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ಕಡೆ ಆರ್‌ಒ ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು. ಪೈಪಿನಲ್ಲಿ ಕೊಳೆ ಸೇರೀತೆಂಬ ಭಯಕ್ಕೆ ಯುವಿ ಫಿಲ್ಟರ್ ಅಥವಾ ಕುದಿಸುವುದು ಸಾಕು. ಬೋರ್‌ವೆಲ್ ನೀರಿನ ಸೊಸೈಟಿಗಳ ಮಾತು ಬೇರೆ. ಇನ್ನೊಂದು, ಬೆಳಗ್ಗೆ ನೀರು ಬಂದ ಕೂಡಲೇ ನಿನ್ನೆ ತುಂಬಿಟ್ಟದ್ದನ್ನು ಮೋರಿಗೆ ಚೆಲ್ಲುವುದು. ಸ್ವಚ್ಛವಾದ, ಮುಚ್ಚಿದ ಪಾತ್ರೆಯಲ್ಲಿ ಕೈ ಅದ್ದದೆ ಇಟ್ಟ ನೀರು ಒಂದು ರಾತ್ರಿಯಲ್ಲಿ ಕೆಡುವುದಿಲ್ಲ. ಮನಸ್ಸು ಒಪ್ಪದಿದ್ದರೆ ಅದರಲ್ಲಿ ನೆಲ ಒರೆಸಬಹುದು.

ಮನೆಮನೆಗೆ ಮೀಟರ್ ಹಾಕಿಸುವುದು ಹಳೆಯ ಕಟ್ಟಡಗಳಲ್ಲಿ ಕಷ್ಟ, ಅಡುಗೆಮನೆಗೊಂದು ಲೈನು, ಬಾತ್‌ರೂಮಿಗೊಂದು ಲೈನು ಬೇರೆಬೇರೆಯಾಗಿ ಇಳಿದಿರುತ್ತವೆ. ಆದರೆ ಕಟ್ಟಡದ ಮೀಟರನ್ನು ದಿನವೂ ಒಂದೇ ಹೊತ್ತಿಗೆ ಓದಿ ನೋಟಿಸ್ ಬೋರ್ಡಿನಲ್ಲಿ ಬರೆಯಲು ಯಾರ ಒಪ್ಪಿಗೆಯೂ ಬೇಡ. ಒಂದು ಯೂನಿಟ್ ಅಂದರೆ ಸಾವಿರ ಲೀಟರ್. 160 ಜನರಿರುವ ಕಟ್ಟಡದಲ್ಲಿ ದಿನಕ್ಕೆ 24 ಯೂನಿಟ್ ಓಡಿದರೆ ತಲಾ 150 ಲೀಟರ್. ಮದುವೆ, ಹಬ್ಬ, ನೆಂಟರು ಯಾವುದೂ ಇಲ್ಲದೆ ಈ ಸಂಖ್ಯೆ ಏರಿದರೆ ಮೊದಲು ಟೆರೇಸಿನ ಟಾಕಿ ತುಂಬಿ ಹರಿಯುತ್ತಿದೆಯೇ ನೋಡಿ, ಆಮೇಲೆ ನೆಲದಡಿಯ ಟಾಕಿಯನ್ನು. ನೀರು ಬರುವುದು ನಿಂತು ಪಂಪು ಆಫ್ ಆದಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮಟ್ಟದ ಗೆರೆ ಎಳೆದು, ಕೆಲವು ಗಂಟೆಗಳ ನಂತರ ನೋಡಿದರೆ ಬಿರುಕು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದ್ದರೆ ಮಳೆಗಾಲಕ್ಕೆ ಮುಂಚೆಯೇ ಮುಚ್ಚಿಸಬೇಕು. ಬೇಸಿಗೆಯಲ್ಲಿ ನಮ್ಮ ನೀರು ಹೊರಹೋದ ಆ ಬಿರುಕಿನಿಂದಲೇ ಜುಲೈಯಲ್ಲಿ ಚರಂಡಿಯ ನೀರು ಒಳಬರುತ್ತದೆ.